ಒಂದೇ ನೀರು ಕುಡಿದ ನಾಲ್ವರಲ್ಲಿ ಕಾಲರಾ ಒಬ್ಬರಿಗೇ ಏಕೆ?

ಪ್ರಶ್ನೆ: ಕಳೆದ ಬೇಸಿಗೆಯಲ್ಲಿ ನಮ್ಮ ಅತ್ತೆಗೆ ಕಾಲರಾ ಆಗಿತ್ತು. ಒಂದೇ ಕೊಡದ ನೀರನ್ನು ಮನೆಯ ನಾಲ್ಕೂ ಜನ ಕುಡಿದಿದ್ದೆವು. ನನ್ನ ಗಂಡನಿಗೆ ಒಂದೆರಡು ಸಲ ಭೇದಿಯಾಗಿ ನಿಂತಿತು, ನನಗೂ ಮಗನಿಗೂ ಏನೂ ಆಗಲಿಲ್ಲ. ಅತ್ತೆ ಎರಡು ವರ್ಷದಿಂದ ದಿನಾ ಬೆಳಿಗ್ಗೆ ಗ್ಯಾಸ್ ಮಾತ್ರೆ ತಗೊಳ್ತಾರೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ? ಈ ಬ್ಯಾಕ್ಟೀರಿಯಾ ಕರುಳಿನ ಜೀವಕೋಶಕ್ಕೆ ನಿಜವಾಗಿ ಏನು ಮಾಡುತ್ತೆ? ಹೊಟ್ಟೆಯಲ್ಲಿ ಮೊದಲೇ ಇರುವ ಒಳ್ಳೆಯ ಬ್ಯಾಕ್ಟೀರಿಯಾ ಆಗ ಸುಮ್ನೆ ಕೂತಿರುತ್ತವಾ? ಮೊಸರು ಕೊಟ್ಟರೆ ಉಪಯೋಗ ಆಗುತ್ತಾ?

ಉತ್ತರ: ಅತ್ತೆಯವರು ಗುಣವಾದದ್ದು ಕೇಳಿ ಸಮಾಧಾನವಾಯಿತು. ಕಾಲರಾದಲ್ಲಿ ಕೆಲವೇ ಗಂಟೆಗಳಲ್ಲಿ ಮನುಷ್ಯ ಒಣಗಿ ಹೋಗುತ್ತಾನೆ, ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು ಒಳ್ಳೆಯದಾಯಿತು.

ನೀವು ಕೇಳಿದ್ದರಲ್ಲಿ ಜೀವಕೋಶದ ಪ್ರಶ್ನೆಯೇ ಮುಖ್ಯ, ಉಳಿದವೆಲ್ಲ ಅದಕ್ಕೇ ಬಂದು ಸೇರುತ್ತವೆ. ಕಾಲರಾ ಬ್ಯಾಕ್ಟೀರಿಯಾ, ಅಂದರೆ ವಿಬ್ರಿಯೊ ಕಾಲರೇ, ನಮ್ಮ ಜೀವಕೋಶದ ಒಳಗೆ ಹೋಗುವುದೇ ಇಲ್ಲ. ಕೋಶವನ್ನು ಒಡೆಯುವುದಿಲ್ಲ, ತಿನ್ನುವುದೂ ಇಲ್ಲ. ಹೊರಗೆ ಕೂತು ಒಂದು ವಿಷವನ್ನು ಒಳಕ್ಕೆ ಕಳಿಸುತ್ತದೆ, ಆಮೇಲೆ ನೀರನ್ನೆಲ್ಲ ಹೊರಗೆ ಸುರಿಯುವುದು ನಮ್ಮದೇ ಕೋಶ. ಆದರೆ ಆ ಜಾಗಕ್ಕೆ ತಲುಪುವ ಮೊದಲು ಅದು ಹೊಟ್ಟೆಯ ಆಮ್ಲ ದಾಟಬೇಕು, ಲೋಳೆ ದಾಟಬೇಕು, ಅಲ್ಲಿ ಮೊದಲಿನಿಂದ ವಾಸವಾಗಿರುವ ಬ್ಯಾಕ್ಟೀರಿಯಾಗಳ ಜೊತೆ ಜಾಗಕ್ಕಾಗಿ ಹೊಡೆದಾಡಬೇಕು. ನಿಮ್ಮ ಮನೆಯ ನಾಲ್ವರಲ್ಲಿ ಈ ದಾರಿ ನಾಲ್ಕು ಥರ ಇತ್ತು.

ಈ ಬ್ಯಾಕ್ಟೀರಿಯಾವನ್ನು ಒಮ್ಮೆ ಕಣ್ಣಾರೆ ನೋಡಿದವರು ಮರೆಯುವುದಿಲ್ಲ. ಕಾಲರಾ ರೋಗಿಯ ಮಲ ಮಲದ ಹಾಗೆ ಇರುವುದೇ ಇಲ್ಲ. ಅಕ್ಕಿ ತೊಳೆದ ನೀರು, ನಾವು ಅಕ್ಕಚ್ಚು ಅಂತೀವಲ್ಲ, ಥೇಟ್ ಹಾಗೇ ಇರುತ್ತದೆ, ಅದರಲ್ಲಿ ಲೋಳೆಯ ಸಣ್ಣ ಸಣ್ಣ ಚೂರುಗಳು ತೇಲುತ್ತಿರುತ್ತವೆ. ಅದರ ಒಂದು ತೊಟ್ಟನ್ನು ಕಪ್ಪು ಹಿನ್ನೆಲೆಯ ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ ಬೆಳಕಿನ ಚುಕ್ಕಿಗಳು ಅತ್ತಿಂದಿತ್ತ ಸರ್ರನೆ ಹಾಯುತ್ತವೆ, ರಾತ್ರಿ ಆಕಾಶದಲ್ಲಿ ಉಲ್ಕೆ ಬಿದ್ದ ಹಾಗೆ. ಅದರ ಮೈ ಅಲ್ಪವಿರಾಮ ಚಿಹ್ನೆಯಂತೆ ಬಾಗಿದ್ದು, ಹಿಂದೆ ಒಂದೇ ಒಂದು ಬಾಲ ಇರುತ್ತದೆ. ಕಾಲರಾದ ಪ್ರತಿಕಾಯ ಇರುವ ದ್ರವವನ್ನು ಒಂದು ಹನಿ ಸೇರಿಸಿದರೆ ಓಟ ತಟ್ಟನೆ ನಿಂತುಬಿಡುತ್ತದೆ. ಗುರುತು ಹಿಡಿಯಲು ಇದು ಹಳೆಯ ವಿಧಾನ. ಈ ಓಟ ಅದಕ್ಕೆ ಬಹಳ ಮುಖ್ಯ. ಕರುಳಿನ ಗೋಡೆಯ ಮೇಲಿನ ದಪ್ಪ ಲೋಳೆಯಲ್ಲಿ ಈಜಿ ಹೋಗದಿದ್ದರೆ ಅದು ಊಟದ ಜೊತೆ ಹಾಗೇ ಕೆಳಗೆ ಹೊರಟುಹೋಗುತ್ತದೆ.

ಈಗ ಗ್ಯಾಸ್ ಮಾತ್ರೆ. ಹೌದು, ಸಂಬಂಧ ಇದೆ. ಈ ಬ್ಯಾಕ್ಟೀರಿಯಾಕ್ಕೆ ಆಮ್ಲ ಕಂಡರೆ ಆಗುವುದಿಲ್ಲ, ಜಠರದಲ್ಲೇ ಬಹುಪಾಲು ಸಾಯುತ್ತವೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಕೊಟ್ಟ ಆರೋಗ್ಯವಂತರಿಗೆ ಅಳೆದ ಪ್ರಮಾಣದಲ್ಲಿ ಕಾಲರಾ ಬ್ಯಾಕ್ಟೀರಿಯಾ ಕುಡಿಸಿ ನೋಡಿದರು. ಅದರ ಜೊತೆ ಸೋಡಾಪುಡಿಯ ನೀರು ಕೊಟ್ಟು ಆಮ್ಲ ಕಡಿಮೆ ಮಾಡಿದಾಗ ಸುಮಾರು 10 ಲಕ್ಷ ಬ್ಯಾಕ್ಟೀರಿಯಾ ಸಾಕಾಯಿತು. ಸೋಡಾ ಇಲ್ಲದಿದ್ದಾಗ ಭೇದಿ ಶುರುವಾಗಲು ಅದಕ್ಕಿಂತ ಸಾವಿರಾರು ಪಟ್ಟು ಜಾಸ್ತಿ ಬೇಕಾಯಿತು. ಆಮ್ಲ ತಗ್ಗಿಸುವ ಮಾತ್ರೆ ದಿನಾ ತಗೊಳ್ಳುವವರ ಜಠರದಲ್ಲಿ ಈ ಕಾವಲು ಸಡಿಲವಾಗಿರುತ್ತದೆ. ನಿಮ್ಮ ಅತ್ತೆಯವರಿಗೆ ಇದರಿಂದಲೇ ಆಯಿತು ಎಂದು ಒಬ್ಬರ ವಿಷಯದಲ್ಲಿ ಖಡಾಖಂಡಿತವಾಗಿ ಹೇಳಲು ಆಗಲ್ಲ. ಆದರೆ ನಾಲ್ವರಲ್ಲಿ ಅವರ ಬಾಗಿಲೇ ಜಾಸ್ತಿ ತೆರೆದಿತ್ತು. ಇನ್ನೊಂದು ವಿಷಯ, ಅವರ ರಕ್ತದ ಗುಂಪು ಓ ಏನು ಅಂತ ನೋಡಿ. ಓ ಗುಂಪಿನವರಿಗೆ ಕಾಲರಾ ತಗುಲಿದರೆ ಅದು ಜೋರಾಗುವ ಸಾಧ್ಯತೆ ಜಾಸ್ತಿ, ಇದು ಬಹಳ ವರ್ಷಗಳಿಂದ ಗೊತ್ತಿರುವ ಸಂಗತಿ.

ಆಮ್ಲ ದಾಟಿ ಸಣ್ಣ ಕರುಳಿಗೆ ಬಂದ ಬ್ಯಾಕ್ಟೀರಿಯಾಕ್ಕೆ ತಾನೆಲ್ಲಿದ್ದೇನೆ ಎಂದು ಹೇಗೆ ತಿಳಿಯುತ್ತದೆ? ನದಿ ಸಮುದ್ರ ಸೇರುವ ಕಡೆಯ ಸವಳು ನೀರಲ್ಲಿ ಸಣ್ಣ ಸಣ್ಣ ಚಿಪ್ಪುಜೀವಿಗಳ ಮೈಗೆ ಅಂಟಿಕೊಂಡು ಬದುಕುವ ಜೀವಿ ಇದು, ಅಲ್ಲಿ ಇದಕ್ಕೆ ವಿಷದ ಅಗತ್ಯವೇ ಇಲ್ಲ. ಕರುಳಿಗೆ ಬಂದಾಗ ನಮ್ಮ ಪಿತ್ತರಸದಲ್ಲಿರುವ ಟಾರೋಕೋಲೇಟ್ ಎಂಬ ಲವಣ ಅದಕ್ಕೆ ಗುರುತಾಗುತ್ತದೆ. ಕೊಬ್ಬು ಜೀರ್ಣವಾಗಲಿ ಎಂದು ನಮ್ಮ ಪಿತ್ತಜನಕಾಂಗ ತಯಾರಿಸುವ ಲವಣ ಇದು. ಬ್ಯಾಕ್ಟೀರಿಯಾದ ಪೊರೆಯಲ್ಲಿರುವ ಒಂದು ಪ್ರೋಟೀನ್ ಈ ಲವಣ ಸಿಕ್ಕಾಗ ಜೋಡಿಯಾಗಿ ಬೆಸೆದುಕೊಳ್ಳುತ್ತದೆ, ರೋಗ ತರುವ ವಂಶವಾಹಿಗಳೆಲ್ಲ ಒಂದರ ಹಿಂದೆ ಒಂದು ಚಾಲೂ ಆಗುತ್ತವೆ. ಟಾರೋಕೋಲೇಟ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. ಆಗ ಬ್ಯಾಕ್ಟೀರಿಯಾದ ಮೈಯಿಂದ ಕೂದಲಿನಂಥ ಎಳೆಗಳು ಹೊರಡುತ್ತವೆ. ಆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬ್ಯಾಕ್ಟೀರಿಯಾಗಳು ಗೋಡೆಯ ಮೇಲೆ ಗೊಂಚಲು ಗೊಂಚಲಾಗಿ ಕೂರುತ್ತವೆ.

ವಿಷ ಇದೆ ಎಂದು ತೋರಿಸಿದ ಕಥೆ ಹೇಳಲೇಬೇಕು. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್ 1884ರಲ್ಲಿ ಕಲ್ಕತ್ತಾದಲ್ಲಿ ಈ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದಾಗಲೇ ಇದೊಂದು ವಿಷ ಬಿಡುತ್ತಿರಬೇಕು ಎಂದು ಊಹಿಸಿದ್ದರು. ಆದರೆ ಪ್ರಾಣಿಗಳಲ್ಲಿ ತೋರಿಸಲು 75 ವರ್ಷ ಯಾರಿಂದಲೂ ಆಗಲಿಲ್ಲ. ತೋರಿಸಿದವರು ಅದೇ ಕಲ್ಕತ್ತಾದ ವೈದ್ಯ ವಿಜ್ಞಾನಿ ಶಂಭುನಾಥ್ ಡೇ. ಅವರ ವಿಧಾನ ಎಷ್ಟು ಸರಳ ನೋಡಿ. ಮೊಲದ ಸಣ್ಣ ಕರುಳನ್ನು ಅಲ್ಲಲ್ಲಿ ದಾರದಿಂದ ಬಿಗಿದು ಕಟ್ಟಿ ತುಂಡು ತುಂಡು ಚೀಲ ಮಾಡಿದರು. ಒಂದು ಚೀಲಕ್ಕೆ ಬ್ಯಾಕ್ಟೀರಿಯಾ ಬೆಳೆದ ದ್ರವ, ಪಕ್ಕದ್ದಕ್ಕೆ ಖಾಲಿ ದ್ರವ. ಮಾರನೇ ದಿನ ನೋಡಿದರೆ ಮೊದಲನೇ ಚೀಲ ನೀರು ತುಂಬಿದ ಬಲೂನಿನಂತೆ ಊದಿಕೊಂಡಿತ್ತು, ಪಕ್ಕದ್ದು ಚಪ್ಪಟೆಯಾಗೇ ಇತ್ತು. 1959ರಲ್ಲಿ ಅವರು ಬ್ಯಾಕ್ಟೀರಿಯಾಗಳನ್ನೆಲ್ಲ ಸೋಸಿ ತೆಗೆದು, ಬರೀ ಸೋಸಿದ ದ್ರವ ಹಾಕಿದರು. ಆಗಲೂ ಚೀಲ ಊದಿತು. ಅಂದರೆ ಬ್ಯಾಕ್ಟೀರಿಯಾವೇ ಬೇಡ, ಅದು ಬಿಟ್ಟ ವಿಷವೇ ಸಾಕು. ಇಷ್ಟು ದೊಡ್ಡ ಕೆಲಸ ಮಾಡಿದವರಿಗೆ ಬದುಕಿದ್ದಾಗ ನಮ್ಮ ದೇಶದಲ್ಲಿ ಸಿಗಬೇಕಾದ ಗೌರವ ಸಿಗಲಿಲ್ಲ. 1985ರಲ್ಲಿ ತೀರಿಕೊಂಡರು. ನಮ್ಮ ಬೆಂಗಳೂರಿನಿಂದ ಬರುವ ಕರೆಂಟ್ ಸೈನ್ಸ್ ಪತ್ರಿಕೆ 1990ರಲ್ಲಿ ಅವರಿಗಾಗಿ ವಿಶೇಷ ಸಂಚಿಕೆ ತಂದಿತು. ಕಾಲರಾ ಬಗ್ಗೆ ಪಾಠ ಮಾಡುವಾಗ ನಾನು ಡೇ ಅವರ ಹೆಸರು ಹೇಳದೆ ಮುಂದೆ ಹೋಗುವುದಿಲ್ಲ.

ವಿಷದ ಅಣುವಿನಲ್ಲಿ ಆರು ತುಂಡುಗಳಿವೆ. ಐದು ಬಿ ತುಂಡುಗಳು ಉಂಗುರದಂತೆ ಕೂತಿರುತ್ತವೆ, ಮಧ್ಯೆ ಒಂದು ಎ. ಬಿ ತುಂಡುಗಳು ನಮ್ಮ ಕೋಶದ ಪೊರೆಯ ಮೇಲಿರುವ ಜಿಎಂ1 ಎಂಬ ಕೊಬ್ಬಿನ ಅಣುವನ್ನು ಹಿಡಿದುಕೊಳ್ಳುತ್ತವೆ. ಕೋಶ ತನ್ನ ಪೊರೆಯನ್ನು ಆಗಾಗ ಒಳಕ್ಕೆ ಎಳೆದುಕೊಳ್ಳುತ್ತಲೇ ಇರುತ್ತದೆ, ಅದರ ಜೊತೆ ವಿಷವೂ ಒಳಗೆ ಹೋಗುತ್ತದೆ. ನಮ್ಮ ಪ್ರೋಟೀನ್‌ಗಳು ತಯಾರಾಗಿ ಹೊರಗೆ ಬರುವ ದಾರಿಯಲ್ಲೇ ಇದು ಉಲ್ಟಾ ನಡೆದು, ಅವು ತಯಾರಾಗುವ ಕೋಣೆಗೇ ಹೋಗುತ್ತದೆ. ಅಲ್ಲಿ ಕೆಟ್ಟುಹೋದ ಪ್ರೋಟೀನ್‌ಗಳನ್ನು ಆಚೆ ಹಾಕಲು ಒಂದು ಬಾಗಿಲು ಇದೆ. ಎ ತುಂಡು ಕೆಟ್ಟ ಪ್ರೋಟೀನಿನ ವೇಷ ಹಾಕಿಕೊಂಡು ಆ ಬಾಗಿಲಿನಿಂದ ಕೋಶದ ಒಡಲಿಗೆ ನುಸುಳುತ್ತದೆ. ಮೊದಲ ಸಲ ಇದನ್ನು ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಒಳಗೆ ಅದು ಮಾಡುವುದು ಒಂದೇ ಕೆಲಸ. ನೀರು-ಉಪ್ಪಿನ ಓಡಾಟ ನೋಡಿಕೊಳ್ಳುವ ಒಂದು ಸ್ವಿಚ್ಚಿನಂಥ ಪ್ರೋಟೀನ್ ಇದೆ, ಕೆಲಸ ಮುಗಿದ ಮೇಲೆ ಅದು ತಾನೇ ಆರಿಕೊಳ್ಳುತ್ತದೆ. ಎ ತುಂಡು ಅದಕ್ಕೆ ಒಂದು ರಾಸಾಯನಿಕ ಬೆಸೆದುಬಿಡುತ್ತದೆ, ಆಮೇಲೆ ಅದು ಆರುವುದೇ ಇಲ್ಲ. ನಲ್ಲಿ ಬಿಟ್ಟು ಹಿಡಿಯನ್ನು ಕಿತ್ತುಕೊಂಡು ಹೋದ ಹಾಗೆ. ಕೋಶದಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸಂದೇಶದ ಅಣು ತುಂಬಿಕೊಳ್ಳುತ್ತದೆ, ಕ್ಲೋರೈಡ್ ಹೊರಗೆ ಬಿಡುವ ಕಿಂಡಿಗಳು ತೆರೆದೇ ಇರುತ್ತವೆ, ಉಪ್ಪು ಒಳಗೆ ಎಳೆದುಕೊಳ್ಳುವ ಮಾಮೂಲಿ ದಾರಿ ಮುಚ್ಚುತ್ತದೆ. ಉಪ್ಪು ಹೋದ ಕಡೆ ನೀರೂ ಹೋಗುತ್ತದೆ. ಜೋರಾದ ಕಾಲರಾದಲ್ಲಿ ಗಂಟೆಗೆ ಒಂದು ಲೀಟರ್ ತನಕ ನೀರು ಹೊರಗೆ ಹೋಗಬಹುದು.

ಇಷ್ಟಾದರೂ ಕೋಶ ಸತ್ತಿಲ್ಲ ಅಂದೆನಲ್ಲ. ಆ ಮಾತಿನಲ್ಲೇ ಚಿಕಿತ್ಸೆ ಇದೆ. ಅದೇ ಕೋಶದ ಪೊರೆಯಲ್ಲಿ ಇನ್ನೊಂದು ದಾರಿ ಇದೆ, ಗ್ಲೂಕೋಸ್ ಜೊತೆ ಬಂದರೆ ಮಾತ್ರ ಸೋಡಿಯಂ ಒಳಗೆ ಬಿಡುವ ದಾರಿ. ಕಾಲರಾ ವಿಷ ಅದನ್ನು ಮುಟ್ಟುವುದಿಲ್ಲ. ಓಆರ್‌ಎಸ್ ಕೆಲಸ ಮಾಡುವುದು ಈ ದಾರಿಯಲ್ಲಿ. ಅದರಲ್ಲಿ ಗ್ಲೂಕೋಸ್ ಇರುವುದು ರುಚಿಗಲ್ಲ, ಶಕ್ತಿ ಬರಲಿ ಅಂತಲೂ ಅಲ್ಲ, ಉಪ್ಪನ್ನು ಕೈಹಿಡಿದು ಒಳಗೆ ಕರೆತರಲು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಬಂಗಾಳದ ಬನಗಾಂವ್ ಶಿಬಿರದಲ್ಲಿ ಡ್ರಿಪ್ ಬಾಟಲಿ ಮುಗಿದುಹೋಗಿದ್ದವು, ಜನ ನೆಲದ ಮೇಲೆ ಮಲಗಿದ್ದರು. ಅಲ್ಲಿದ್ದ ವೈದ್ಯ ದಿಲೀಪ್ ಮಹಲನಬೀಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಇಟ್ಟು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. 100ಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಆದ್ದರಿಂದ ದಯವಿಟ್ಟು ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಇಡೀ ಪ್ಯಾಕೆಟ್ ಹಾಕಿ. ಅರ್ಧ ಪ್ಯಾಕೆಟ್ ಒಂದು ಲೋಟಕ್ಕೆ ಅಂತ ಅಂದಾಜಿನಲ್ಲಿ ಬೆರೆಸಬೇಡಿ. ಸಿಹಿ ಜ್ಯೂಸು, ಬಾಟಲಿ ಪಾನೀಯ ಇದರ ಬದಲಿಗೆ ಆಗಲ್ಲ, ಸಕ್ಕರೆ ಜಾಸ್ತಿಯಾದರೆ ಅದೇ ನೀರನ್ನು ಕರುಳಿನ ಕಡೆಗೆ ಎಳೆಯುತ್ತದೆ. ಅಷ್ಟರಲ್ಲಿ ಕರುಳಿನ ಒಳಪದರ ತಾನೇ ಕೆಲವು ದಿನಗಳಲ್ಲಿ ಉದುರಿ ಹೊಸದಾಗುತ್ತದೆ, ವಿಷ ತಿಂದ ಕೋಶಗಳು ಹೊರಟುಹೋಗುತ್ತವೆ.

ಇದರಿಂದ ಬ್ಯಾಕ್ಟೀರಿಯಾಕ್ಕೆ ಏನು ಲಾಭ ಅಂತ ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಒಂದು, ಭೇದಿಯ ಜೊತೆ ಕೋಟಿಗಟ್ಟಲೆ ಮರಿಗಳು ಮತ್ತೆ ನೀರಿಗೆ ಸೇರುತ್ತವೆ. ಎರಡು, ವಿಷದ ಪರಿಣಾಮದಿಂದ ಕರುಳಿನಲ್ಲಿ ಕೆಲವು ಕೊಬ್ಬಿನಾಮ್ಲಗಳು, ರಕ್ತದ ಹೀಮ್ ಅದಕ್ಕೆ ಆಹಾರವಾಗಿ ಸಿಗುತ್ತವೆ ಎಂದು 2019ರಲ್ಲಿ ಪ್ರಾಣಿಗಳಲ್ಲಿ ತೋರಿಸಿದ್ದಾರೆ. ಇನ್ನೂ ಸ್ವಾರಸ್ಯವಾದದ್ದು, ಆ ವಿಷದ ವಂಶವಾಹಿ ಬ್ಯಾಕ್ಟೀರಿಯಾದ ಸ್ವಂತದ್ದೇ ಅಲ್ಲ. ಅದು ಬ್ಯಾಕ್ಟೀರಿಯಾಕ್ಕೆ ತಗಲುವ ಒಂದು ವೈರಸ್ಸಿನದು, ಇಂಥ ವೈರಸ್ಸಿಗೆ ಫೇಜ್ ಅನ್ನುತ್ತಾರೆ. 1996ರಲ್ಲಿ ಹಾರ್ವರ್ಡಿನ ಮ್ಯಾಥ್ಯೂ ವಾಲ್ಡರ್ ಮತ್ತು ಜಾನ್ ಮೆಕಲಾನೋಸ್ ಇದನ್ನು ಕಂಡುಹಿಡಿದರು. ಕರುಳಿಗೆ ಬಂದ ಮೇಲೆ ಹೊರಡುವ ಆ ಕೂದಲೆಳೆಗಳಿವೆಯಲ್ಲ, ಈ ಫೇಜ್ ಬ್ಯಾಕ್ಟೀರಿಯಾದ ಒಳಗೆ ಹೋಗಲು ಹಿಡಿದುಕೊಳ್ಳುವುದು ಅದನ್ನೇ. ಅಂದರೆ ನಿಮ್ಮ ಅತ್ತೆಯವರನ್ನು ಮಲಗಿಸಿದ್ದು ಒಂದು ಬ್ಯಾಕ್ಟೀರಿಯಾ ಮತ್ತು ಅದರೊಳಗೆ ಸೇರಿಕೊಂಡ ಒಂದು ವೈರಸ್, ಎರಡೂ ಕೂಡಿ.

ಈಗ ಒಳ್ಳೆಯ ಬ್ಯಾಕ್ಟೀರಿಯಾ ಸುಮ್ನೆ ಕೂತಿರುತ್ತವಾ ಅನ್ನುವ ಪ್ರಶ್ನೆಗೆ ಬರೋಣ. ಇಲ್ಲ, ಸುಮ್ನೆ ಕೂರಲ್ಲ. ಕಾಲರಾ ಬ್ಯಾಕ್ಟೀರಿಯಾಕ್ಕೂ ಅದು ಗೊತ್ತು, ಆಯುಧ ಇಟ್ಟುಕೊಂಡೇ ಬರುತ್ತದೆ. ಅದರ ಮೈಯೊಳಗೆ ಒಂದು ಉದ್ದ ಕೊಳವೆ, ಅದರೊಳಗೆ ಈಟಿ, ಈಟಿಯ ತುದಿಗೆ ವಿಷ. ಹೊರಗಿನ ಕೊಳವೆ ಒಂದು ಸೆಕೆಂಡಿನ ಸಾವಿರದ ಕೆಲವೇ ಭಾಗಗಳಲ್ಲಿ ಕುಗ್ಗುತ್ತದೆ, ಈಟಿ ಪಕ್ಕದ ಬ್ಯಾಕ್ಟೀರಿಯಾಕ್ಕೆ ಚುಚ್ಚಿಕೊಳ್ಳುತ್ತದೆ, ಅದರ ಗೋಡೆ ಕರಗಿ ಒಡೆಯುತ್ತದೆ. ತನ್ನ ಕುಲದವರಿಗೆ ಈ ವಿಷ ತಾಗದಂತೆ ಪ್ರತಿವಿಷದ ಪ್ರೋಟೀನ್ ಕೂಡ ಇಟ್ಟುಕೊಂಡಿರುತ್ತದೆ. 2006ರಲ್ಲಿ ಇದು ಮೊದಲು ಗೊತ್ತಾಗಿದ್ದು ಅಮೀಬಾದಿಂದ. ಬ್ಯಾಕ್ಟೀರಿಯಾ ತಿಂದು ಬದುಕುವ ಅಮೀಬಾವನ್ನು ಈ ವಿಬ್ರಿಯೊ ಜೊತೆ ಬಿಟ್ಟರೆ ಅಮೀಬಾವೇ ಸಾಯುತ್ತಿತ್ತು, ಯಾಕೆ ಅಂತ ಹುಡುಕಿದಾಗ ಈ ಈಟಿ ಸಿಕ್ಕಿತು. ಚಿಪ್ಪುಜೀವಿಯ ಮೈಮೇಲೆ ಕೂತಾಗಲೂ ಇದು ಪಕ್ಕದವರನ್ನು ಚುಚ್ಚಿ ಕೊಂದು, ಹೊರಗೆ ಚೆಲ್ಲಿದ ಡಿಎನ್ಎಯನ್ನು ಎತ್ತಿಕೊಂಡು ತನ್ನದಾಗಿಸಿಕೊಳ್ಳುತ್ತದೆ ಎಂದು 2015ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಮೆಲನಿ ಬ್ಲೋಕೆಶ್ ಅವರ ತಂಡ ತೋರಿಸಿತು. 2018ರಲ್ಲಿ ಇಲಿಮರಿಗಳ ಕರುಳಿನಲ್ಲೂ ಇದೇ ಆಟ ಕಂಡಿತು, ಅಲ್ಲಿ ವಾಸವಾಗಿದ್ದ ಇ. ಕೋಲೈ ಎಂಬ ಬ್ಯಾಕ್ಟೀರಿಯಾಗಳನ್ನು ಈಟಿಯಿಂದ ಕೊಂದು ವಿಬ್ರಿಯೊ ಜಾಗ ಮಾಡಿಕೊಂಡಿತು.

ಎದುರಾಳಿಗಳು ಈಟಿ ಹಿಡಿದೇ ಹೊಡೆದಾಡಬೇಕೆಂದಿಲ್ಲ. ಬ್ಯಾಕ್ಟೀರಿಯಾಗಳು ಸಣ್ಣ ಅಣುಗಳನ್ನು ಹೊರಗೆ ಬಿಡುತ್ತಾ ನಾವೀಗ ಎಷ್ಟು ಜನ ಇದ್ದೇವೆ ಎಂದು ಲೆಕ್ಕ ಹಾಕುತ್ತಿರುತ್ತವೆ. ಅಣು ಕಡಿಮೆ ಇದ್ದರೆ ಕಾಲರಾ ಬ್ಯಾಕ್ಟೀರಿಯಾ ಅಂಟುವ ಎಳೆ, ವಿಷ ಎರಡನ್ನೂ ತಯಾರಿಸುತ್ತದೆ. ಅಣು ಜಾಸ್ತಿಯಾದರೆ ಜಾಗ ತುಂಬಿತು, ಇನ್ನು ಹೊರಡೋಣ ಅಂತ ಅವನ್ನು ನಿಲ್ಲಿಸಿ ಗೋಡೆ ಬಿಟ್ಟು ಹೊರಗೆ ಹೋಗುತ್ತದೆ. ನಮ್ಮ ಕರುಳಿನ ಕೆಲವು ಬ್ಯಾಕ್ಟೀರಿಯಾಗಳೂ ಇದೇ ಭಾಷೆಯ ಅಣು ಬಿಡುತ್ತವೆ. ಢಾಕಾದ ಕಾಲರಾ ರೋಗಿಗಳು ಚೇತರಿಸಿಕೊಳ್ಳುವಾಗ ಅವರ ಕರುಳಿಗೆ ಯಾವ ಬ್ಯಾಕ್ಟೀರಿಯಾ ಯಾವಾಗ ವಾಪಸ್ ಬರುತ್ತವೆ ಎಂದು ನೋಡಿದ ಅಧ್ಯಯನ 2014ರಲ್ಲಿ ಬಂತು. ಅದರಲ್ಲಿ ಬ್ಲಾಟಿಯಾ ಓಬಿಯಂ ಎಂಬ ಒಂದು ಜಾತಿ ಎದ್ದು ಕಂಡಿತು. ಇಲಿಗಳಿಗೆ ಅದನ್ನು ಮೊದಲೇ ಕೊಟ್ಟಾಗ ಕಾಲರಾ ಬ್ಯಾಕ್ಟೀರಿಯಾ ಸರಿಯಾಗಿ ನೆಲೆಯೂರಲಿಲ್ಲ. ಅದು ಬಿಡುವ ಅಣು ಕಾಲರಾ ಬ್ಯಾಕ್ಟೀರಿಯಾದ ಎಳೆಗಳನ್ನು ಆರಿಸುತ್ತಿತ್ತು. 2020ರಲ್ಲಿ ಇನ್ನೊಂದು ಸಂಗತಿ ತಿಳಿಯಿತು, ಇದೇ ಬ್ಲಾಟಿಯಾ ಟಾರೋಕೋಲೇಟನ್ನು ಕತ್ತರಿಸಿಹಾಕುತ್ತದೆ! ವಿಬ್ರಿಯೊ ತಾನೆಲ್ಲಿದ್ದೇನೆ ಅಂತ ತಿಳಿದುಕೊಳ್ಳುತ್ತಿದ್ದ ಗುರುತೇ ಅಳಿಸಿಹೋಗುತ್ತದೆ. ಕರುಳಿನಲ್ಲಿ ಇಂಥ ನಿವಾಸಿಗಳು ಯಾರಿಗೆ ಎಷ್ಟಿವೆ ಅನ್ನುವುದು ಒಂದೇ ಮನೆಯಲ್ಲೂ ಒಬ್ಬೊಬ್ಬರಿಗೆ ಒಂದೊಂದು ಥರ. ನಿಮಗೂ ಮಗನಿಗೂ ಏನೂ ಆಗದೇ ಇರಲು ಇದೂ ಒಂದು ಕಾರಣ ಇರಬಹುದು. ಅಂದಹಾಗೆ ಕಾಲರಾ ತಗುಲಿದ ಬಹುಪಾಲು ಜನರಿಗೆ ನಿಮ್ಮ ಹಾಗೆ ಏನೂ ಆಗುವುದಿಲ್ಲ, ಇಲ್ಲವೇ ನಿಮ್ಮ ಯಜಮಾನರ ಹಾಗೆ ಸ್ವಲ್ಪ ಭೇದಿಯಾಗಿ ನಿಲ್ಲುತ್ತದೆ. ಆದರೆ ಅವರ ಮಲದಲ್ಲೂ ಕೆಲವು ದಿನ ಬ್ಯಾಕ್ಟೀರಿಯಾ ಹೋಗುತ್ತಿರುತ್ತದೆ. ಒಬ್ಬರಿಗೆ ಬಂದರೆ ಮನೆಯವರೆಲ್ಲ ಸೋಪು ಹಾಕಿ ಕೈ ತೊಳೆಯಬೇಕು ಅನ್ನುವುದು ಅದಕ್ಕೇ.

ನಿವಾಸಿ ಬ್ಯಾಕ್ಟೀರಿಯಾಗಳ ಬೆಲೆ ಎಷ್ಟು ಅಂತ ತೋರಿಸುವ ಹಳೆಯ ಪ್ರಯೋಗ ಒಂದಿದೆ, ಅದು ಸಾಲ್ಮೊನೆಲ್ಲಾ ಎಂಬ, ಭೇದಿ ತರುವ ಇನ್ನೊಂದು ಬ್ಯಾಕ್ಟೀರಿಯಾದ್ದು. 1950ರ ದಶಕದಲ್ಲಿ ಇಲಿಗಳಿಗೆ ಸೋಂಕು ತಗಲಲು ಸುಮಾರು ಒಂದು ಲಕ್ಷ ಸಾಲ್ಮೊನೆಲ್ಲಾ ಬೇಕಿತ್ತು. ಮೊದಲು ಸ್ಟ್ರೆಪ್ಟೊಮೈಸಿನ್ ಎಂಬ ಆಂಟಿಬಯಾಟಿಕ್ ಕೊಟ್ಟು ಕರುಳಿನ ನಿವಾಸಿಗಳನ್ನು ಸಾಯಿಸಿದಾಗ ಹತ್ತಕ್ಕಿಂತ ಕಡಿಮೆ ಸಾಕಾಯಿತು. ಸಾಲ್ಮೊನೆಲ್ಲಾದ ದಾರಿಯೇ ಬೇರೆ. ಅದು ಕೋಶಕ್ಕೆ ಸೂಜಿಯಂಥ ಸಾಧನ ಚುಚ್ಚಿ, ಒಳಗೇ ನುಗ್ಗಿ, ಬೇಕೆಂದೇ ಉರಿಯೂತ ಎಬ್ಬಿಸುತ್ತದೆ. ಆ ಉರಿಯಲ್ಲಿ ಟೆಟ್ರಾಥಯೊನೇಟ್ ಎಂಬ ವಸ್ತು ತಯಾರಾಗುತ್ತದೆ, ಅದನ್ನು ಉಸಿರಾಟಕ್ಕೆ ಬಳಸಿಕೊಂಡು ಸಾಲ್ಮೊನೆಲ್ಲಾ ಬೆಳೆಯುತ್ತದೆ. ಆ ಶಕ್ತಿ ಇಲ್ಲದ ನಿವಾಸಿಗಳು ಹಿಂದೆ ಬೀಳುತ್ತವೆ. ಇದು 2010ರಲ್ಲಿ ಗೊತ್ತಾಯಿತು. ಹಾಗಾಗಿ ಸಾದಾ ಭೇದಿಗೆಲ್ಲ ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತಂದು ನುಂಗಬೇಡಿ, ನಿಮ್ಮ ಪರವಾಗಿ ಹೊಡೆದಾಡುವವರೇ ಸಾಯುತ್ತಾರೆ. ಜೋರಾದ ಕಾಲರಾದಲ್ಲಿ ವೈದ್ಯರು ಕೊಡುವುದು ಬೇರೆ ಮಾತು, ಅಲ್ಲಿ ಅದು ಭೇದಿಯ ದಿನಗಳನ್ನು ಕಡಿಮೆ ಮಾಡುತ್ತದೆ. ಅಲ್ಲೂ ಮೊದಲು ನೀರು, ಆಮೇಲೆ ಔಷಧಿ.

ಮೊಸರಿನ ವಿಷಯ. 2018ರಲ್ಲಿ ಒಂದು ಪ್ರಯೋಗದಲ್ಲಿ, ಹಾಲು ಹುಳಿಮಾಡುವ ಲ್ಯಾಕ್ಟೊಕಾಕಸ್ ಬ್ಯಾಕ್ಟೀರಿಯಾ ಕೊಟ್ಟ ಇಲಿಮರಿಗಳಲ್ಲಿ ಅದು ಬಿಡುವ ಲ್ಯಾಕ್ಟಿಕ್ ಆಮ್ಲದಿಂದ ಕಾಲರಾ ಬ್ಯಾಕ್ಟೀರಿಯಾ ಕುಗ್ಗಿತು. ಆದರೆ ಅದು ಪ್ರಯೋಗಶಾಲೆಯಲ್ಲಿ ಅಳೆದು ಕೊಟ್ಟಿದ್ದು, ನಮ್ಮ ಮನೆಯ ಮೊಸರು ಕಾಲರಾ ತಡೆಯುತ್ತದೆ ಎಂದು ಅದರಿಂದ ಹೇಳಲು ಬರುವುದಿಲ್ಲ. ಮೊಸರಿನ ಬ್ಯಾಕ್ಟೀರಿಯಾಗಳು ಕರುಳಲ್ಲಿ ಬಹುಮಟ್ಟಿಗೆ ಬಂದು ಹೋಗುವ ನೆಂಟರು, ಬ್ಲಾಟಿಯಾದಂಥ ಖಾಯಂ ನಿವಾಸಿಗಳು ಮೊಸರಿನಲ್ಲಿ ಇರುವುದಿಲ್ಲ. ಅತ್ತೆಯವರಿಗೆ ಮೊಸರನ್ನ ಇಷ್ಟವಾದರೆ ಖಂಡಿತ ಕೊಡಿ, ಊಟವಾಗಿ ಕೊಡಿ. ಢಾಕಾದ ರೋಗಿಗಳಲ್ಲಿ ಕಂಡಂತೆ ಕರುಳಿನ ನಿವಾಸಿಗಳು ಒಂದು ಕ್ರಮದಲ್ಲಿ ತಾವಾಗೇ ಮರಳುತ್ತವೆ, ಅಲ್ಲಿನ ಪುಟ್ಟ ಮಕ್ಕಳ ಹೊಟ್ಟೆಯಲ್ಲಿ ಅವು ಮೊದಲ ಸಲ ನೆಲೆಸುವ ಕ್ರಮವನ್ನೇ ಅದು ಹೋಲುತ್ತಿತ್ತು.

ಗ್ಯಾಸ್ ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ. ಮಾತ್ರೆ ಬರೆದುಕೊಟ್ಟ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಎರಡು ವರ್ಷವಾಯಿತು, ಮಧ್ಯೆ ಕಾಲರಾ ಬಂದಿತ್ತು, ಇನ್ನೂ ಬೇಕಾ ಅಂತ ನೇರವಾಗಿ ಕೇಳಿ. ಅಲ್ಲಿಯ ತನಕ ಅವರು ಕುಡಿಯುವ ನೀರನ್ನು ಕುದಿಸಿ ಆರಿಸಿ, ಮುಚ್ಚಿದ ಪಾತ್ರೆಯಲ್ಲಿ ಇಡಿ. ನಲ್ಲಿಗೆ ಕಟ್ಟುವ ಸೋಸುಬಟ್ಟೆ ಇದ್ದರೆ ಇರಲಿ. ಬಾಂಗ್ಲಾದೇಶದ ಮತ್‌ಲಬ್ ಹಳ್ಳಿಗಳಲ್ಲಿ ಹಳೇ ಸೀರೆಯನ್ನು ನಾಲ್ಕು ಪದರ ಮಡಚಿ ಕೆರೆ, ಹೊಳೆ ನೀರು ಸೋಸಿದಾಗ ಕಾಲರಾ ಅರ್ಧದಷ್ಟು ಇಳಿಯಿತು ಎಂದು ಅಮೆರಿಕದ ವಿಜ್ಞಾನಿ ರೀಟಾ ಕೋಲ್ವೆಲ್ ಅವರ ತಂಡ 2003ರಲ್ಲಿ ವರದಿ ಮಾಡಿತ್ತು. ಅಲ್ಲಿ ಬಟ್ಟೆ ತಡೆದದ್ದು ಬ್ಯಾಕ್ಟೀರಿಯಾ ಅಂಟಿಕೊಂಡಿದ್ದ ಚಿಪ್ಪುಜೀವಿಗಳನ್ನು. ಪೈಪು ಒಡೆದು ಚರಂಡಿ ನೀರು ಸೇರಿದ್ದರೆ ಬ್ಯಾಕ್ಟೀರಿಯಾ ಒಂಟಿಯಾಗಿ ಈಜುತ್ತಿರುತ್ತದೆ, ಬಟ್ಟೆಯಲ್ಲಿ ಅದು ನಿಲ್ಲುವುದಿಲ್ಲ. ಕುದಿಸಲೇಬೇಕು.